ಉಳಿದ 390 ವ್ಯಾಟ್-ಅವರ್ ಎಲ್ಲಿ ಹೋಯಿತು? ಜೇಮ್ಸ್ ಜೂಲ್‌ನ ಬದುಕು, ಸದಾಶಿವಗಡದ ಒಂದು ಬ್ಯಾಟರಿ

ಕಳೆದ ಬೇಸಿಗೆ ರಜೆಯಲ್ಲಿ ನಾವು ಮೂವರು ಸದಾಶಿವಗಡಕ್ಕೆ ಹೋಗಿದ್ವಿ. ಕಾರವಾರದಿಂದ ಕಾಳಿ ಸೇತುವೆ ದಾಟಿದರೆ ಎದುರಿಗೇ ಗುಡ್ಡ, ಗುಡ್ಡದ ಮೇಲೆ ಸೋದೆ ಅರಸರ ಕಾಲದ ಕೋಟೆ, ಕೆಳಗೆ ತೆಂಗಿನ ಮರಗಳ ನಡುವೆ ನಮ್ಮ ಗೆಳೆಯನ ಮನೆ. ಹೋಗಿದ್ದು ಸಮುದ್ರ ನೋಡೋಕೆ, ಬಂಗಡೆ ಸಾರು ಉಣ್ಣೋಕೆ. ಆದರೆ ಹೋದ ದಿನವೇ ಗೆಳೆಯನ ಆಯಿ ನಮಗೊಂದು ಕೆಲಸ ಹಚ್ಚಿದರು.

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ರಾತ್ರಿಯೆಲ್ಲ ಕತ್ತಲು. ಹಾಗಾಗಿ ಅವರು ಮನೆಗೆ ಸಣ್ಣದೊಂದು ಸೋಲಾರ್ ಹಾಕಿಸಿದ್ದರು. ಹೆಂಚಿನ ಮೇಲೆ 200 ವ್ಯಾಟ್‌ನ ಒಂದು ಪ್ಯಾನಲ್, ಒಳಗೆ 12 ವೋಲ್ಟ್, 100 ಆಂಪಿಯರ್-ಅವರ್‌ನ ಲೆಡ್-ಆಸಿಡ್ ಬ್ಯಾಟರಿ, ಒಂದು ಚಾರ್ಜ್ ಕಂಟ್ರೋಲರ್, ಒಂದು ಇನ್ವರ್ಟರ್. ರಾತ್ರಿ ಒಂದು ಫ್ಯಾನ್, ಎರಡು ಎಲ್‌ಇಡಿ ಬಲ್ಬ್. ಇಷ್ಟೇ. ಆದರೂ ನಡುರಾತ್ರಿ ದಾಟುವ ಮೊದಲೇ ಇನ್ವರ್ಟರ್ ಕುಯ್ ಅಂತ ಕೂಗಿ ನಿಂತುಬಿಡ್ತಿತ್ತು. ಕಂಟ್ರೋಲರ್‌ನ ಪರದೆ ಮಾತ್ರ ದಿನಾ ಬೇಕಾದಷ್ಟು ಕರೆಂಟು ಒಳಗೆ ಹೋಗಿದೆ ಅಂತ ತೋರಿಸ್ತಿತ್ತು. ಪ್ಯಾನಲ್ ಕೂರಿಸಿದ ಹುಡುಗ ಹಳೇ ಬ್ಯಾಟರಿ ತಂದು ಹಾಕಿದ್ದಾನೆ ಅನ್ನೋದು ಆಯಿಯ ಅನುಮಾನ. ಅವನಿಗೆ ಕೊಡಬೇಕಾದ ಕೊನೇ ಕಂತಿನ ದುಡ್ಡನ್ನು ತಡೆಹಿಡಿದಿದ್ದರು. ನೀವು ಇಂಜಿನಿಯರಿಂಗ್ ಓದೋರು, ನೋಡಿ ಒಂದು ಮಾತು ಹೇಳಿ ಅಂದರು.

ನಾವು ಚಾರ್ಜ್ ಕಂಟ್ರೋಲರ್ ನೋಡಿದ್ವಿ. ಆ ದಿನ ಒಳಗೆ ಹೋಗಿದ್ದು 720 ವ್ಯಾಟ್-ಅವರ್. ಇನ್ವರ್ಟರ್‌ನಿಂದ ಹೊರಗೆ ಹೋಗೋ ಕಡೆ ನಮ್ಮ ಹತ್ತಿರ ಇದ್ದ ಪ್ಲಗ್ ಮೀಟರ್ ಹಾಕಿದ್ವಿ. ಹೊರಗೆ ಬಂದಿದ್ದು 330. ಅರ್ಧಕ್ಕಿಂತ ಕಡಿಮೆ! ಮರುದಿನವೂ ಹೆಚ್ಚುಕಡಿಮೆ ಅದೇ. ಒಳ್ಳೇ ಬ್ಯಾಟರಿ ಹೀಗೆ ಮಾಡುತ್ತಾ? ಇಲ್ಲ ಅಂತ ನಾವೂ ತೀರ್ಪು ಕೊಟ್ಟುಬಿಟ್ವಿ. ಆ ಹುಡುಗನಿಗೆ ಕಳಿಸೋಕೆ ಒಂದು ಖಾರವಾದ ಮೆಸೇಜೂ ಬರೆದಿಟ್ಟಿದ್ವಿ. ಕಳಿಸೋ ಮುಂಚೆ ನಮ್ಮಲ್ಲೊಬ್ಬ ತಡೆದ. ಅವನು ಕಾಲೇಜು ಸೆಮಿನಾರ್‌ಗೆ ಅಂತ ಜೇಮ್ಸ್ ಜೂಲ್ ಬಗ್ಗೆ ಓದಿದ್ದ. ಈ 390 ವ್ಯಾಟ್-ಅವರ್ ಎಲ್ಲಿ ಹೋಯಿತು ಅಂತ ಕೇಳದೆ ಯಾರು ಕದ್ದರು ಅಂತ ಕೇಳ್ತಾ ಇದೀವಿ, ಇದು ತಪ್ಪು ಅನ್ನೋದು ಅವನ ವಾದ. ಉಳಿದ ವಾರವೆಲ್ಲ ನಮ್ಮ ಸಂಜೆಗಳು ಈ ಮನುಷ್ಯನ ಕತೆಯಲ್ಲೇ ಹೋದವು. ಅದನ್ನೇ ನಿಮಗೂ ಹೇಳೋಣ ಅಂತ ಈ ಬರಹ.

ಬಿಯರ್ ಕಾಯಿಸುವ ಮನೆಯ ಹುಡುಗ

ಜೂಲ್ ಅಂದ್ರೆ ನಮಗೆಲ್ಲ ಒಂದು ಯೂನಿಟ್. ಅದರ ಹಿಂದೆ ಒಬ್ಬ ನಾಚಿಕೆ ಸ್ವಭಾವದ, ಬೆನ್ನುಮೂಳೆಯ ತೊಂದರೆಯಿದ್ದ ಮನುಷ್ಯ ಇದ್ದ ಅನ್ನೋದು ನೆನಪಾಗೋದೇ ಇಲ್ಲ. ಜೇಮ್ಸ್ ಪ್ರೆಸ್ಕಾಟ್ ಜೂಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ. ಅಪ್ಪ ಬೆಂಜಮಿನ್ ಜೂಲ್ ಬಿಯರ್ ತಯಾರಿಸುವ ಸಿರಿವಂತ. ಮೈಯಲ್ಲಿ ಅಷ್ಟು ಗಟ್ಟಿಯಿಲ್ಲದ ಹುಡುಗನಿಗೆ ಮನೆಯಲ್ಲೇ ಪಾಠ. ಮುಂದೆಯೂ ಅವನು ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ಹತ್ತಲಿಲ್ಲ.

1834ರಲ್ಲಿ ಅಪ್ಪ ಅವನನ್ನೂ ಅವನ ಅಣ್ಣನನ್ನೂ ಒಬ್ಬ ಮೇಷ್ಟ್ರ ಹತ್ತಿರ ಕಳಿಸಿದ. ಆ ಮೇಷ್ಟ್ರು ಬೇರೆ ಯಾರೂ ಅಲ್ಲ, ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್! ಅಣು, ಪರಮಾಣು ಎಲ್ಲ ಆಮೇಲೆ, ಮೊದಲು ಲೆಕ್ಕ ಕಲಿಯಿರಿ ಅಂತ ಡಾಲ್ಟನ್ ಅಂಕಗಣಿತ, ರೇಖಾಗಣಿತದಿಂದಲೇ ಶುರುಮಾಡಿದ. ರಸಾಯನಶಾಸ್ತ್ರಕ್ಕೆ ಬರುವಷ್ಟರಲ್ಲಿ, 1837ರಲ್ಲಿ, ಡಾಲ್ಟನ್‌ಗೆ ಪಾರ್ಶ್ವವಾಯು ಬಡಿದು ಪಾಠ ನಿಂತಿತು. ಆದರೆ ಅಳೆದು ನೋಡದೆ ಮಾತಾಡಬಾರದು ಅನ್ನೋ ಅಭ್ಯಾಸ ಶಿಷ್ಯನಿಗೆ ಅಂಟಿಕೊಂಡಿತ್ತು. ಅದಕ್ಕೆ ಮನೆಯ ಕಸುಬೂ ಒದಗಿಬಂತು. ಬಿಯರ್ ಮಾಡುವಲ್ಲಿ ಉಷ್ಣತೆ ಸ್ವಲ್ಪ ಆಚೀಚೆಯಾದರೂ ಇಡೀ ಹಂಡೆ ಹಾಳು. ದಿನಾ ಥರ್ಮಾಮೀಟರ್ ನೋಡಿ ಬದುಕುವ ಮನೆ ಅದು.

ಸತು ತಿನ್ನುವ ಮೋಟಾರು

ಆ ಕಾಲಕ್ಕೆ ಎಲೆಕ್ಟ್ರಿಕ್ ಮೋಟಾರ್ ಅಂದ್ರೆ ಈಗಿನ ಎಐ ಇದ್ದ ಹಾಗೆ, ಎಲ್ಲರ ಬಾಯಲ್ಲೂ ಅದೇ ಮಾತು. ಹಬೆ ಯಂತ್ರದ ದಿನ ಮುಗಿಯಿತು, ಬ್ಯಾಟರಿಯಿಂದ ಎಷ್ಟು ಬೇಕಾದರೂ ಶಕ್ತಿ ತೆಗೆಯಬಹುದು ಅಂತ ಹಲವರು ನಂಬಿದ್ದರು. ಹತ್ತೊಂಬತ್ತರ ಜೂಲ್ ಕೂಡ ನಂಬಿದ. ಮನೆಯಲ್ಲೇ ಮೋಟಾರು ಕಟ್ಟಿದ, 1838ರಲ್ಲಿ ಮೊದಲ ಲೇಖನ ಪ್ರಕಟಿಸಿದ. ಬಿಯರ್ ಕಾರ್ಖಾನೆಯ ಹಬೆ ಯಂತ್ರ ತೆಗೆದು ಮೋಟಾರು ಹಾಕಿದರೆ ಲಾಭವಾ ಅನ್ನೋ ವ್ಯಾಪಾರದ ಲೆಕ್ಕವೂ ಅದರಲ್ಲಿತ್ತು.

ಲೆಕ್ಕ ಹಾಕಿದ ಮೇಲೆ ಕನಸು ಒಡೀತು. ಬ್ಯಾಟರಿಯಲ್ಲಿ ಒಂದು ಪೌಂಡ್ ಸತು ಕರಗಿದರೆ ಸಿಗುವ ಕೆಲಸ, ಒಳ್ಳೆಯ ಹಬೆ ಯಂತ್ರದಲ್ಲಿ ಒಂದು ಪೌಂಡ್ ಕಲ್ಲಿದ್ದಲು ಉರಿದರೆ ಸಿಗುವ ಕೆಲಸದ ಸುಮಾರು ಐದನೇ ಒಂದು ಪಾಲು. ಸತುವಿನ ಬೆಲೆಯೋ ಕಲ್ಲಿದ್ದಲಿಗಿಂತ ಎಷ್ಟೋ ಪಟ್ಟು ಹೆಚ್ಚು. 1841ರ ಹೊತ್ತಿಗೆ ಜೂಲ್ ಇದನ್ನು ಮ್ಯಾಂಚೆಸ್ಟರ್‌ನಲ್ಲಿ ಎಲ್ಲರೆದುರು ಒಪ್ಪಿಕೊಂಡ. ತಾನೇ ಆಸೆಪಟ್ಟು ಕಟ್ಟಿದ ಯಂತ್ರದ ವಿರುದ್ಧ ತಾನೇ ಅಂಕಿ ಕೊಟ್ಟ. ಬ್ಯಾಟರಿ ಏನನ್ನೂ ಸುಮ್ಮನೆ ಕೊಡೋದಿಲ್ಲ, ಅದರೊಳಗೆ ಏನೋ ಖರ್ಚಾದಷ್ಟು ಮಾತ್ರ ಕೊಡುತ್ತೆ ಅನ್ನೋದು ಅವನಿಗೆ ಅಲ್ಲಿ ಮನದಟ್ಟಾಯಿತು.

ಬಿಸಿಯಾದ ತಂತಿ

ಮೋಟಾರು ಯಾಕೆ ಸೋಲ್ತು ಅಂತ ಹುಡುಕುತ್ತ ಹೋದವನಿಗೆ ತಂತಿ ಬಿಸಿಯಾಗೋದು ಕಂಡಿತು. ಬಿಸಿಯಾಗುತ್ತೆ ಅನ್ನೋದು ಎಲ್ಲರಿಗೂ ಗೊತ್ತಿತ್ತು, ಎಷ್ಟು ಅನ್ನೋದು ಗೊತ್ತಿರಲಿಲ್ಲ. ಜೂಲ್ ಗಾಜಿನ ಕೊಳವೆಗೆ ತಂತಿ ಸುತ್ತಿ ನೀರಲ್ಲಿ ಇಳಿಬಿಟ್ಟ, ಕರೆಂಟು ಹಾಯಿಸಿದ, ನೀರು ಎಷ್ಟು ಬಿಸಿಯಾಯಿತು ಅಂತ ಬರೆದುಕೊಂಡ. ಕರೆಂಟು ಅಳೆಯಲು ಗ್ಯಾಲ್ವನೋಮೀಟರನ್ನೂ ತಾನೇ ಮಾಡಿಕೊಂಡಿದ್ದ. ಫಲಿತಾಂಶ ನಮಗೆಲ್ಲ ಬಾಯಿಪಾಠ: ಹುಟ್ಟುವ ಶಾಖ ತಂತಿಯ ರೋಧಕ್ಕೆ ಅನುಪಾತದಲ್ಲಿ, ಕರೆಂಟಿನ ವರ್ಗಕ್ಕೆ ಅನುಪಾತದಲ್ಲಿ. ಐ ಸ್ಕ್ವೇರ್ ಆರ್. 1840ರಲ್ಲಿ ಇದನ್ನು ರಾಯಲ್ ಸೊಸೈಟಿಗೆ ಕಳಿಸಿದಾಗ ಅವರು ಬರೀ ಸಾರಾಂಶ ಅಚ್ಚುಹಾಕಿದರು. ಪೂರ್ತಿ ಲೇಖನ ಮರುವರ್ಷ ಬೇರೆ ಪತ್ರಿಕೆಯಲ್ಲಿ ಬಂತು. ಬರೆದವನಿಗೆ ಆಗ ಇನ್ನೂ 22 ವರ್ಷ.

ವರ್ಗ ಅನ್ನೋ ಆ ಒಂದು ಪದದ ಭಾರ ಎಷ್ಟು ಅಂತ ನಮಗೆ ಸದಾಶಿವಗಡದಲ್ಲಿ ಗೊತ್ತಾಯಿತು. ಬ್ಯಾಟರಿಯನ್ನು ಹಿಂದಿನ ಕೋಣೆಯಲ್ಲಿಟ್ಟು ಇನ್ವರ್ಟರನ್ನು ಪಡಸಾಲೆಯಲ್ಲಿ ಇಟ್ಟಿದ್ದರು. ನಡುವೆ ಉದ್ದದ, ತೆಳ್ಳಗಿನ ತಂತಿ. 230 ವೋಲ್ಟ್‌ನಲ್ಲಿ 70 ವ್ಯಾಟ್ ಬೇಕಾದರೆ ಕರೆಂಟು ಅರ್ಧ ಆಂಪಿಯರೂ ಇಲ್ಲ. ಅದೇ 70 ವ್ಯಾಟನ್ನು 12 ವೋಲ್ಟ್‌ನಲ್ಲಿ ಎಳೆಯಬೇಕಾದರೆ ಸುಮಾರು 6 ಆಂಪಿಯರ್. ಕರೆಂಟು ಸುಮಾರು ಇಪ್ಪತ್ತು ಪಟ್ಟು ಹೆಚ್ಚಾದರೆ ಅದೇ ತಂತಿಯಲ್ಲಿ ಶಾಖ ನಾನೂರು ಪಟ್ಟು ಹತ್ತಿರ ಹೋಗುತ್ತೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಒಯ್ದಾಗ ವೋಲ್ಟೇಜ್ ಏರಿಸಿ ಕಳಿಸಿದ್ದೂ ಇದೇ ಕಾರಣಕ್ಕೆ. ನಾವು ತಂತಿಯ ಎರಡೂ ತುದಿಯಲ್ಲಿ ವೋಲ್ಟೇಜ್ ಅಳೆದು ಲೆಕ್ಕ ಹಾಕಿದಾಗ ದಿನಕ್ಕೆ ಸುಮಾರು 18 ವ್ಯಾಟ್-ಅವರ್ ಆ ತಂತಿಯಲ್ಲೇ ಬಿಸಿಯಾಗಿ ಹೋಗ್ತಿತ್ತು. 390ರಲ್ಲಿ 18 ಸಿಕ್ಕಿತು.

587ರಿಂದ 1040ರ ವರೆಗೆ

ಆಗಿನ ವಿದ್ವಾಂಸರಲ್ಲಿ ಬಹಳ ಜನ ಶಾಖವನ್ನು ಒಂದು ದ್ರವ ಅಂದುಕೊಂಡಿದ್ದರು. ಅದು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿಯುತ್ತೆ, ಹೊಸದಾಗಿ ಹುಟ್ಟೋದಿಲ್ಲ ಅಂತ. ಜೂಲ್‌ಗೆ ಇದು ಸರಿ ಕಾಣಲಿಲ್ಲ. ಬ್ಯಾಟರಿಯೇ ಇಲ್ಲದೆ, ಕೈಯಿಂದ ತಿರುಗಿಸಿದ ಸುರುಳಿಯಲ್ಲಿ ಹುಟ್ಟುವ ಕರೆಂಟೂ ನೀರನ್ನು ಬಿಸಿಮಾಡಿದರೆ, ಆ ಶಾಖ ಎಲ್ಲಿಂದ ಹರಿದು ಬಂತು? ತಿರುಗಿಸಿದ ಕೈಯ ಕೆಲಸವೇ ಶಾಖವಾಗಿರಬೇಕು. ಹಾಗಾದರೆ ಎಷ್ಟು ಕೆಲಸಕ್ಕೆ ಎಷ್ಟು ಶಾಖ?

ಕೈ ಬದಲು ಬೀಳುವ ತೂಕದಿಂದ ಸುರುಳಿ ತಿರುಗಿಸಿ ಅವನು ಅಳೆಯತೊಡಗಿದ. ಅಂಕಿಗಳು ಚೆಲ್ಲಾಪಿಲ್ಲಿ ಬಂದವು. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಒಂದು ಪೌಂಡ್ ತೂಕ ಎಷ್ಟು ಅಡಿ ಬೀಳಬೇಕು ಅನ್ನೋದಕ್ಕೆ ಒಮ್ಮೆ 587, ಇನ್ನೊಮ್ಮೆ 1040. ಗೆಳೆಯರೇ, ಇಲ್ಲಿ ನಾವು ನಾಚಿಕೆ ಬಿಟ್ಟು ಒಂದು ಮಾತು ಹೇಳ್ತೀವಿ. ನಮ್ಮ ಲ್ಯಾಬಲ್ಲಿ ಇಂಥ ರೀಡಿಂಗ್ ಬಂದಿದ್ದರೆ ಏನು ಮಾಡ್ತಿದ್ವಿ? ಸೀನಿಯರ್ ರೆಕಾರ್ಡ್ ತೆಗೆದು, ಬರಬೇಕಾದ ಉತ್ತರ ನೋಡಿ, ಅದರ ಸುತ್ತ ನಾಲ್ಕು ಚಂದದ ಅಂಕಿ ಬರೆದುಬಿಡ್ತಿದ್ವಿ. ಜೂಲ್‌ಗೆ ನೋಡಿ ಬರೆಯಲು ಸೀನಿಯರ್ ಇರಲಿಲ್ಲ. ಅವನು 587ನ್ನೂ ಅಚ್ಚುಹಾಕಿದ, 1040ನ್ನೂ ಅಚ್ಚುಹಾಕಿದ, ಸರಾಸರಿ 838 ಅಂದ. 1843ರ ಆಗಸ್ಟ್‌ನಲ್ಲಿ ಐರ್ಲೆಂಡಿನ ಕಾರ್ಕ್ ಊರಿನ ವಿಜ್ಞಾನ ಸಭೆಯಲ್ಲಿ ಇದನ್ನು ಓದಿದಾಗ ಯಾರೂ ಹೆಚ್ಚು ಕಿವಿಗೊಡಲಿಲ್ಲ. ಅವರನ್ನು ಪೂರ್ತಿ ದೂರುವ ಹಾಗೂ ಇಲ್ಲ. ಅಷ್ಟು ಚೆದುರಿದ ಅಂಕಿ, ಅದೂ ಡಿಗ್ರಿಯ ಸಣ್ಣ ಸಣ್ಣ ಭಾಗಗಳ ಮೇಲೆ ನಿಂತಿದ್ದು. ಹೇಳುತ್ತಿರುವವನೋ ಬಿಯರ್ ಕಾರ್ಖಾನೆಯ 24 ವರ್ಷದ ಹುಡುಗ.

ಇದೇ ವಿಷಯಕ್ಕೆ ಇನ್ನೊಬ್ಬನೂ ಕೈಹಾಕಿದ್ದ. ಜರ್ಮನಿಯ ರಾಬರ್ಟ್ ಮೇಯರ್ ಹಡಗಿನ ವೈದ್ಯನಾಗಿ ಜಾವಾಕ್ಕೆ ಹೋದಾಗ ಬಿಸಿ ನಾಡಿನಲ್ಲಿ ನಾವಿಕರ ರಕ್ತದ ಬಣ್ಣ ಬೇರೆಯಾಗಿರುವುದನ್ನು ಕಂಡು ಯೋಚನೆಗೆ ಬಿದ್ದವನು. 1842ರಲ್ಲೇ ಅವನು ಶಾಖಕ್ಕೂ ಕೆಲಸಕ್ಕೂ ಇರುವ ಸಂಬಂಧ ಬರೆದ. ಮೊದಲು ಯಾರು ಅನ್ನೋ ಜಗಳ ಮುಂದೆ ಬಹಳ ವರ್ಷ ನಡೆಯಿತು. ರಾಯಲ್ ಸೊಸೈಟಿ ತನ್ನ ದೊಡ್ಡ ಗೌರವವಾದ ಕಾಪ್ಲಿ ಪದಕವನ್ನು 1870ರಲ್ಲಿ ಜೂಲ್‌ಗೆ, 1871ರಲ್ಲಿ ಮೇಯರ್‌ಗೆ ಕೊಟ್ಟಿತು. ಯೋಚನೆ ಇಬ್ಬರದೂ. ಮತ್ತೆ ಮತ್ತೆ ಅಳೆದು ಜಗತ್ತು ಒಪ್ಪುವಂತೆ ಮಾಡಿದ ದುಡಿಮೆ ಜೂಲ್‌ನದು.

ನೆಲಮಾಳಿಗೆಯ ನೀರು

ಅಂಕಿ ಚೆದುರಿದ್ದಕ್ಕೆ ಜೂಲ್ ಕಂಡುಕೊಂಡ ಮದ್ದು, ಪ್ರಯೋಗವನ್ನು ಸರಳ ಮಾಡೋದು. ಸುರುಳಿ, ಕರೆಂಟು ಯಾವುದೂ ಬೇಡ. ತಾಮ್ರದ ಪಾತ್ರೆಯಲ್ಲಿ ನೀರು, ನೀರೊಳಗೆ ತಿರುಗುವ ರೆಕ್ಕೆಗಳು, ರೆಕ್ಕೆಯ ಕಂಬಕ್ಕೆ ಸುತ್ತಿದ ದಾರ, ದಾರದ ತುದಿಗಳಲ್ಲಿ ತೂಕ. ತೂಕ ಇಳಿದಂತೆ ರೆಕ್ಕೆ ನೀರನ್ನು ಕಡೆಯುತ್ತೆ, ನೀರು ಬಿಸಿಯಾಗುತ್ತೆ. ಎಲ್ಲ ಪಠ್ಯಪುಸ್ತಕದಲ್ಲಿ ಬರುವ ಚಿತ್ರ ಇದೇ.

ಚಿತ್ರದಲ್ಲಿ ಕಾಣದ್ದು ಆ ಕೆಲಸದ ಕಷ್ಟ. 1850ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ತೂಕ ಸೇರಿ ಸುಮಾರು 26 ಕೆಜಿ, ಬೀಳುವ ಎತ್ತರ 63 ಅಂಗುಲ, ಅಂದ್ರೆ 1.6 ಮೀಟರ್. ಒಂದು ರೀಡಿಂಗ್‌ಗೆ ಇಪ್ಪತ್ತು ಸಲ ಎತ್ತಿ ಎತ್ತಿ ಬೀಳಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆ ನೀರು ಬಿಸಿಯಾಗೋದು ಅರ್ಧ ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಚೂರು ಹೆಚ್ಚು. ಅದನ್ನು ಡಿಗ್ರಿಯ ಇನ್ನೂರನೇ ಒಂದು ಭಾಗದ ತನಕ ಓದಲು ಮ್ಯಾಂಚೆಸ್ಟರ್‌ನ ಉಪಕರಣ ತಯಾರಕ ಜಾನ್ ಡ್ಯಾನ್ಸರ್ ಥರ್ಮಾಮೀಟರ್ ಮಾಡಿಕೊಟ್ಟಿದ್ದ. ಕೋಣೆಯ ಗಾಳಿಯೂ ಏರುಪೇರಾಗಬಾರದು ಅಂತ ಕೆಲಸ ನಡೆದಿದ್ದು ನೆಲಮಾಳಿಗೆಯಲ್ಲಿ.

ನಾವು ಕುತೂಹಲಕ್ಕೆ ಲೆಕ್ಕ ಹಾಕಿದ್ವಿ. ಆ ಇಪ್ಪತ್ತು ಬೀಳಿಕೆಯ ಒಟ್ಟು ಶಕ್ತಿ ಸುಮಾರು 8,250 ಜೂಲ್. ನಮ್ಮ ಮೀಟರಿನ ಭಾಷೆಯಲ್ಲಿ 2.3 ವ್ಯಾಟ್-ಅವರ್. ಆಯಿಯ ಅಡುಗೆಮನೆಯ 9 ವ್ಯಾಟ್ ಬಲ್ಬ್ ಕಾಲು ಗಂಟೆ ಉರಿಯುವಷ್ಟು. ಭೌತವಿಜ್ಞಾನದ ದಿಕ್ಕು ಬದಲಿಸಿದ ಪ್ರಯೋಗದ ಪೂರ್ತಿ ಶಕ್ತಿ ಇಷ್ಟೇ! ಇದೇ ಲೆಕ್ಕದಲ್ಲಿ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದ್ರೆ 36 ಲಕ್ಷ ಜೂಲ್.

ಆದರೆ ನಮಗೆ ನಿಜವಾಗಿ ಕೆಲಸಕ್ಕೆ ಬಂದಿದ್ದು ಜೂಲ್‌ನ ಇನ್ನೊಂದು ಅಭ್ಯಾಸ. ಅವನು ತೂಕ ಬೀಳಿಸಿ ಒಂದು ರೀಡಿಂಗ್ ತೆಗೆದುಕೊಂಡರೆ, ಅಷ್ಟೇ ಹೊತ್ತು ತೂಕ ಬೀಳಿಸದೆ ಸುಮ್ಮನೆ ಕೂತು ಇನ್ನೊಂದು ರೀಡಿಂಗ್ ತೆಗೆದುಕೊಳ್ತಿದ್ದ. ಏನೂ ಮಾಡದಿದ್ದಾಗಲೂ ಕೋಣೆಯ ಶಾಖದಿಂದ ನೀರು ಎಷ್ಟು ಬಿಸಿಯಾಗುತ್ತೆ ಅಂತ ತಿಳಿದು ಅದನ್ನು ಕಳೆಯೋಕೆ. ರಾಟೆಯ ಘರ್ಷಣೆ, ದಾರ ಎಳೆದುಕೊಂಡಿದ್ದು, ತೂಕ ನೆಲಕ್ಕೆ ತಾಗುವಾಗ ಉಳಿದಿದ್ದ ವೇಗ, ಕೊನೆಗೆ ಉಪಕರಣ ಅದುರಿ ಸದ್ದಾಗಿ ಹೋದ ಶಕ್ತಿ, ಎಲ್ಲದಕ್ಕೂ ಒಂದೊಂದು ಸಾಲು ಲೆಕ್ಕ ಇಟ್ಟ.

ಏನೂ ಮಾಡದೆ ಒಂದು ರೀಡಿಂಗ್. ನಾವು ಇದನ್ನು ಮಾಡಿಯೇ ಇರಲಿಲ್ಲ! ಮರುದಿನ ಬೆಳಿಗ್ಗೆ ಫ್ಯಾನ್, ಬಲ್ಬ್ ಎಲ್ಲ ಆಫ್ ಮಾಡಿ ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋಗುವ ತಂತಿಗೆ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿದ್ವಿ. ನಮ್ಮ ಪ್ಲಗ್ ಮೀಟರ್ ಸೊನ್ನೆ ತೋರಿಸ್ತಿದ್ದರೂ ಇಲ್ಲಿ 8 ವ್ಯಾಟ್ ಹರೀತಾ ಇತ್ತು. ಇನ್ವರ್ಟರ್ ತಾನು ಎಚ್ಚರವಾಗಿರೋಕೇ ಅಷ್ಟು ತಿನ್ನುತ್ತೆ. ಮನೆಯವರು ಅದನ್ನು ಹಗಲೂ ರಾತ್ರಿ ಆನ್ ಇಡ್ತಿದ್ದರು. 8 ವ್ಯಾಟ್, 24 ಗಂಟೆ: 192 ವ್ಯಾಟ್-ಅವರ್. ಕಳೆದುಹೋಗಿದ್ದರಲ್ಲಿ ಅರ್ಧ ಒಂದೇ ಏಟಿಗೆ ಸಿಕ್ಕಿತು. ಪ್ಲಗ್ ಮೀಟರ್ ಸುಳ್ಳು ಹೇಳಿರಲಿಲ್ಲ. ಅದು ಇನ್ವರ್ಟರ್‌ನ ಆಚೆ ಕೂತಿತ್ತು, ಈಚೆಯ ಖರ್ಚು ಅದಕ್ಕೆ ಕಾಣೋ ಹಾಗೇ ಇರಲಿಲ್ಲ.

ಜಲಪಾತದ ಬುಡದಲ್ಲಿ

1847ರ ಜೂನ್‌ನಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮತ್ತೆ ವಿಜ್ಞಾನ ಸಭೆ. ಸಮಯ ಇಲ್ಲ, ಚುಟುಕಾಗಿ ಹೇಳಿ ಮುಗಿಸು ಅಂತ ಜೂಲ್‌ಗೆ ಸೂಚನೆ ಬಂತು. ಈ ಸಲವೂ ಎಲ್ಲ ಸದ್ದಿಲ್ಲದೆ ಮುಗಿಯೋದರಲ್ಲಿತ್ತು. ಆದರೆ ಗ್ಲ್ಯಾಸ್ಗೋದ ಯುವ ಪ್ರೊಫೆಸರ್ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಅನ್ನಿಸಿಕೊಂಡವನು, ಅಲ್ಲಿ ಕೂತಿದ್ದ. ಮೊದಲು ಅವನಿಗೆ ಜೂಲ್ ಹೇಳಿದ್ದು ತಪ್ಪು ಅನ್ನಿಸಿತು, ಕೇಳ್ತಾ ಕೇಳ್ತಾ ತಳ್ಳಿಹಾಕೋಕೆ ಆಗದ್ದೇನೋ ಇದೆ ಅನ್ನಿಸಿತು. ಇಬ್ಬರ ಗೆಳೆತನ ಅಲ್ಲಿಂದ ಶುರು. ಒತ್ತಡದ ಅನಿಲ ಸಣ್ಣ ದಾರಿಯಲ್ಲಿ ಹಾದು ಹಿಗ್ಗಿದಾಗ ತಣ್ಣಗಾಗುವ ಜೂಲ್-ಥಾಮ್ಸನ್ ಪರಿಣಾಮ ಈ ಗೆಳೆತನದ ಫಲ.

ಅದೇ ಆಗಸ್ಟ್‌ನಲ್ಲಿ ಜೂಲ್ ಅಮೀಲಿಯಾ ಗ್ರೈಮ್ಸ್‌ಳನ್ನು ಮದುವೆಯಾದ. ಹೊಸ ಜೋಡಿ ಆಲ್ಪ್ಸ್ ಕಡೆ ಹೋದಾಗ ಥಾಮ್ಸನ್ ಅವರಿಗೆ ದಾರಿಯಲ್ಲಿ ಸಿಕ್ಕ. ಮದುಮಗ ಉದ್ದದ ಥರ್ಮಾಮೀಟರ್ ಹಿಡಿದು ಬರ್ತಿದ್ದ ಅಂತ ಥಾಮ್ಸನ್ ಎಷ್ಟೋ ವರ್ಷ ಆದ ಮೇಲೆ ಕತೆ ಹೇಳಿದ. ಆ ಥರ್ಮಾಮೀಟರಿನ ಮಾತು ಎಷ್ಟು ನಿಜವೋ, ಇತಿಹಾಸಕಾರರಿಗೆ ಅನುಮಾನ. ಆದರೆ ಜಲಪಾತದ ತಲೆಯ ನೀರಿಗಿಂತ ಬುಡದ ನೀರು ಬೆಚ್ಚಗಿರಬೇಕು ಅಂತ ಜೂಲ್ ಲೆಕ್ಕ ಹಾಕಿದ್ದಂತೂ ನಿಜ. ನಮ್ಮ ಜೋಗವನ್ನೇ ತಗೊಳ್ಳಿ. 253 ಮೀಟರ್ ಬೀಳುವ ನೀರಿನ ಕೆಲಸವೆಲ್ಲ ಶಾಖವಾದರೆ ಉಷ್ಣತೆ ಏರೋದು ಸುಮಾರು 0.6 ಡಿಗ್ರಿ ಸೆಲ್ಸಿಯಸ್. ಅಷ್ಟು ದೊಡ್ಡ ಜಲಪಾತ, ಇಷ್ಟು ಪುಟ್ಟ ಅಂಕಿ! ನೀರು ತುಂತುರಾಗಿ ಗಾಳಿಗೆ ಹಾರೋದರಿಂದ ಅದನ್ನೂ ಸರಿಯಾಗಿ ಅಳೆಯೋದು ಕಷ್ಟ. ಆಲ್ಪ್ಸ್‌ನಲ್ಲಿ ಅವರ ಪ್ರಯತ್ನವೂ ತುಂತುರಿನಿಂದಲೇ ಕೆಟ್ಟಿತು. ನಮ್ಮ ಕಾಳಿ ನೀರನ್ನು ಕದ್ರಾದಲ್ಲಿ ಟರ್ಬೈನ್ ಮೂಲಕ ಇಳಿಸಿದಾಗ, ಹಾಗೆ ಶಾಖವಾಗಿ ಹೋಗಬಹುದಾಗಿದ್ದ ಕೆಲಸದಲ್ಲಿ ಹೆಚ್ಚಿನ ಪಾಲನ್ನೇ ನಾವು ಕರೆಂಟಾಗಿ ಹಿಡಿಯೋದು.

ಬ್ಯಾಟರಿಯ ಲೆಕ್ಕವೂ ನಮಗೆ ಬೀಳುವ ನೀರಿನ ಹಾಗೇ ಅರ್ಥವಾಯಿತು. ಆಂಪಿಯರ್-ಅವರ್ ಅಂದ್ರೆ ಎಷ್ಟು ಚಾರ್ಜ್ ಹರಿಯಿತು ಅನ್ನೋದು, ನೀರಿನ ಪ್ರಮಾಣ ಇದ್ದ ಹಾಗೆ. ವೋಲ್ಟ್ ಅನ್ನೋದು ಎತ್ತರ. ಎರಡನ್ನೂ ಗುಣಿಸಿದರೆ ವ್ಯಾಟ್-ಅವರ್. ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಸುಮಾರು 14 ವೋಲ್ಟ್ ಬೇಡುತ್ತೆ, ಕೊಡುವಾಗ 12ರ ಆಸುಪಾಸಿನಲ್ಲಿ ಕೊಡುತ್ತೆ. 14 ಅಡಿ ಮೇಲೆತ್ತಿ 12 ಅಡಿಯಿಂದ ಬೀಳಿಸಿದ ಹಾಗೆ. ಒಳಗೆ ಹಾಕಿದ ಚಾರ್ಜೂ ಪೂರ್ತಿ ಬರೋದಿಲ್ಲ, ಕೊನೆಯ ಹಂತದಲ್ಲಿ ಸ್ವಲ್ಪ ಭಾಗ ನೀರನ್ನು ಅನಿಲ ಮಾಡೋದರಲ್ಲಿ ಕಳೆಯುತ್ತೆ. ಎರಡೂ ಸೇರಿದರೆ ಆರೋಗ್ಯವಾಗಿರುವ ಬ್ಯಾಟರಿಯೂ ಹಾಕಿದ ಶಕ್ತಿಯಲ್ಲಿ ಐದರಲ್ಲೊಂದು ಪಾಲನ್ನು ಇಟ್ಟುಕೊಳ್ಳೋದು ಸಹಜ. 720ರಲ್ಲಿ 144. ಅದನ್ನೂ ಬರೆದುಕೊಂಡ್ವಿ.

ಪರದೆಯ ಮೇಲಿನ ಬ್ಯಾಟರಿ ಚಿತ್ರವನ್ನೂ ಆಯಿ ನಂಬಿದ್ದರು. ಮಧ್ಯಾಹ್ನ ಅದು ಫುಲ್ ತೋರಿಸ್ತಿತ್ತು, ಯಾಕಂದ್ರೆ ಆಗ ಪ್ಯಾನಲ್ ಅದನ್ನು 14 ವೋಲ್ಟಿಗೆ ಎತ್ತಿ ಹಿಡಿದಿತ್ತು. ಚಾರ್ಜೂ ಇಲ್ಲದೆ, ಲೋಡೂ ಇಲ್ಲದೆ ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆದಾಗ ಮಾತ್ರ ವೋಲ್ಟೇಜ್ ಒಂದಿಷ್ಟು ಸತ್ಯ ಹೇಳುತ್ತೆ: 12.7ರ ಹತ್ತಿರ ಇದ್ದರೆ ತುಂಬಿದೆ, 12.2ರ ಹತ್ತಿರ ಬಂದರೆ ಅರ್ಧ ಖಾಲಿ.

ಹೊಂದದ ಎರಡು ಉತ್ತರ

ಜೂಲ್‌ನ ಮನೆಯ ಬದುಕು ಹೆಚ್ಚು ಕಾಲ ನಗಲಿಲ್ಲ. 1854ರಲ್ಲಿ ಹುಟ್ಟಿದ ಮಗು ಉಳಿಯಲಿಲ್ಲ, ಅದೇ ವರ್ಷ ಅಮೀಲಿಯಾ ಕೂಡ ತೀರಿಕೊಂಡಳು. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅವನು ಅಪ್ಪನ ಮನೆ ಸೇರಿದ. ಬಿಯರ್ ಕಾರ್ಖಾನೆಯನ್ನೂ ಆ ಕಾಲದಲ್ಲೇ ಮಾರಿದರು. ಮತ್ತೆ ಮದುವೆಯಾಗಲಿಲ್ಲ. ಜನರ ನಡುವೆ ಬೆರೆಯೋದು ಮೊದಲೇ ಕಡಿಮೆ, ಈಗ ಇನ್ನೂ ಕಡಿಮೆಯಾಯಿತು. ಪ್ರಯೋಗ ಮಾತ್ರ ನಿಲ್ಲಲಿಲ್ಲ.

1867ರಲ್ಲಿ ಅವನು ಅದೇ ಅಂಕಿಯನ್ನು ಕರೆಂಟಿನ ದಾರಿಯಿಂದ ಮತ್ತೆ ಅಳೆದ. ನೀರು ಕಡೆದಾಗ ಬಂದಿದ್ದು 772. ತಂತಿ ಕಾಯಿಸಿ ಅಳೆದಾಗ 783ರ ಹತ್ತಿರ. ವ್ಯತ್ಯಾಸ ನೂರಕ್ಕೆ ಒಂದೂವರೆಯೂ ಇಲ್ಲ. ನಾವಾಗಿದ್ದರೆ ಎರಡನ್ನೂ ಸೇರಿಸಿ ಸರಾಸರಿ ತೆಗೆದು ಮುಂದೆ ಹೋಗ್ತಿದ್ವಿ. ಜೂಲ್ ಎರಡನ್ನೂ ಹಾಗೇ ಇಟ್ಟ. ಕಾರಣ ಆಮೇಲೆ ಗೊತ್ತಾಯಿತು. ತಪ್ಪು ಜೂಲ್‌ನ ಕೈಯಲ್ಲಿರಲಿಲ್ಲ, ರೋಧ ಅಳೆಯಲು ಆಗ ಎಲ್ಲರೂ ಬಳಸುತ್ತಿದ್ದ ಮಾನಕದಲ್ಲೇ ನೂರಕ್ಕೆ ಒಂದಕ್ಕಿಂತ ಚೂರು ಹೆಚ್ಚು ದೋಷ ಇತ್ತು. ಹೊಂದದ ಅಂಕಿಯನ್ನು ಅವನು ಒರೆಸಿಹಾಕಿದ್ದರೆ ಆ ದೋಷದ ಸುಳಿವೂ ಅದರ ಜೊತೆ ಒರೆಸಿಹೋಗ್ತಿತ್ತು.

ಕೊನೆಯ ವರ್ಷಗಳಲ್ಲಿ ಹಣ ಕರಗಿತ್ತು. 1878ರಲ್ಲಿ ಸರ್ಕಾರ ವರ್ಷಕ್ಕೆ 200 ಪೌಂಡ್ ಪಿಂಚಣಿ ಕೊಟ್ಟಿತು. ಅದೇ ವರ್ಷ, ಅರವತ್ತರ ಹತ್ತಿರದಲ್ಲಿ, ನೀರು ಕಡೆಯುವ ಪ್ರಯೋಗವನ್ನು ಇನ್ನೊಮ್ಮೆ ಮಾಡಿ 772.55 ಅಂದ. ಈಗಿನ ಲೆಕ್ಕದಲ್ಲಿ ಅದು 778. ದಾರ, ರಾಟೆ, ಗಾಜಿನ ಥರ್ಮಾಮೀಟರ್ ಇಟ್ಟುಕೊಂಡು ಅವನು ತಪ್ಪಿದ್ದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. 1889ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ವಿದ್ಯುತ್ ಸಮ್ಮೇಳನ ಶಕ್ತಿಯ ಮಾನಕ್ಕೆ ಅವನ ಹೆಸರನ್ನು ಒಪ್ಪಿಕೊಂಡಿತು. ಅಕ್ಟೋಬರ್ 11ರಂದು ಜೂಲ್ ತೀರಿಕೊಂಡ. ಮ್ಯಾಂಚೆಸ್ಟರ್ ಬಳಿಯ ಸೇಲ್ ಊರಿನಲ್ಲಿರುವ ಅವನ ಸಮಾಧಿ ಕಲ್ಲಿನ ಮೇಲೆ ಆ ಅಂಕಿಯನ್ನೇ ಕೆತ್ತಿದ್ದಾರೆ: 772.55.

ಆಯಿಗೆ ಕೊಟ್ಟ ಲೆಕ್ಕ

ಏಳನೇ ದಿನ ನಾವು ಹಳೇ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ವಾರದ ಸರಾಸರಿ ಬರೆದ್ವಿ. ಒಳಗೆ ಹೋಗಿದ್ದು 720. ಫ್ಯಾನ್, ಬಲ್ಬ್‌ಗೆ ಸಿಕ್ಕಿದ್ದು 330. ಇನ್ವರ್ಟರ್ ಸುಮ್ಮನೆ ಕೂತು ತಿಂದಿದ್ದು 192. ಬ್ಯಾಟರಿ ಇಟ್ಟುಕೊಂಡಿದ್ದು ಅಂದಾಜು 144. ತಂತಿ 18. ಎಲ್ಲ ಕೂಡಿದರೆ 684. ಉಳಿದ 36 ವ್ಯಾಟ್-ಅವರ್, ಡಿಸಿಯನ್ನು ಎಸಿ ಮಾಡುವಾಗ ಇನ್ವರ್ಟರ್ ಬಿಸಿಯಾಗಿ ಹೋಗಿದ್ದು, ಅದರ ಪೆಟ್ಟಿಗೆ ಮುಟ್ಟಿದರೇ ಗೊತ್ತಾಗುತ್ತೆ. ಬ್ಯಾಟರಿಯ 144 ನಾವು ನೇರವಾಗಿ ಅಳೆದದ್ದಲ್ಲ ಅಂತ ಅದೇ ಹಾಳೆಯಲ್ಲಿ ಬರೆದ್ವಿ. ಜೂಲ್ ಓದಿದ ಮೇಲೆ ಅಷ್ಟಾದರೂ ಮಾಡಬೇಕಲ್ವಾ?

ಲೆಕ್ಕದಲ್ಲಿ ಹಳೇ ಬ್ಯಾಟರಿಗೆ ಜಾಗ ಇರಲಿಲ್ಲ. ಆ ಹುಡುಗ ಹಾಕಿದ್ದು ಸರಿಯಾದ ಬ್ಯಾಟರಿಯೇ. ಇನ್ವರ್ಟರನ್ನು ಹಗಲು ಆಫ್ ಇಡಬೇಕು ಅಂತ ಅವನು ಹೇಳಿರಲಿಲ್ಲ, ಅಷ್ಟೇ. ಗೆಳೆಯ ಮೆಸೇಜ್ ಅಳಿಸಿ ಅವನಿಗೆ ಫೋನ್ ಮಾಡಿದ. ಅವನು ಸಂಜೆ ಬಂದು, ನಮ್ಮ ಹಾಳೆ ನೋಡಿ, ತಾನೇ ಬ್ಯಾಟರಿಯನ್ನು ಇನ್ವರ್ಟರ್ ಪಕ್ಕಕ್ಕೆ ತಂದು ದಪ್ಪ, ಗಿಡ್ಡ ತಂತಿ ಹಾಕಿಕೊಟ್ಟ. ಆಯಿ ಏನೂ ಹೇಳದೆ ಒಳಗೆ ಹೋಗಿ ಕಂತಿನ ದುಡ್ಡು ತಂದುಕೊಟ್ಟರು. ಆಮೇಲೆ ಅವನಿಗೂ ಎಲೆ ಹಾಕಿ ಬಡಿಸಿದರು. ನಾವು ತಲೆ ತಗ್ಗಿಸಿ ಉಂಡ್ವಿ. ಓದಿದವರು ಅಂತ ನಮ್ಮ ಮಾತಿಗೆ ಆ ಮನೆಯಲ್ಲಿ ಬೆಲೆ ಇತ್ತು. ಮೊದಲ ದಿನದ ತೀರ್ಪೇ ಉಳಿದಿದ್ದರೆ ಒಬ್ಬನ ದುಡಿಮೆಯ ದುಡ್ಡೂ ಹೋಗ್ತಿತ್ತು, ಊರಲ್ಲಿ ಅವನ ಹೆಸರೂ ಹೋಗ್ತಿತ್ತು.

ಇನ್ವರ್ಟರನ್ನು ಈಗ ಸಂಜೆ ಆನ್ ಮಾಡಿ ಬೆಳಿಗ್ಗೆ ಆಫ್ ಮಾಡ್ತಾರೆ. ಫ್ಯಾನ್ ಬೆಳಗಿನ ಜಾವದ ತನಕ ತಿರುಗುತ್ತೆ ಅಂತ ಗೆಳೆಯ ಹೇಳಿದ. ಕಾಲೇಜಿಗೆ ವಾಪಸ್ ಬಂದ ಮೇಲೆ ನಾವು ಮೂವರೂ ಲ್ಯಾಬ್ ರೆಕಾರ್ಡ್‌ನಲ್ಲಿ ಬಂದ ರೀಡಿಂಗನ್ನೇ ಬರೀತಾ ಇದೀವಿ. ಒಂದೆರಡು ಮಾರ್ಕ್ಸ್ ಹೋಗಿದೆ, ನಿಜ. ನಿಮ್ಮ ಮನೆಯಲ್ಲೂ ಸೋಲಾರ್ ಬ್ಯಾಟರಿ ಇದ್ದರೆ ಈ ರಜೆಯಲ್ಲಿ ಒಂದು ವಾರ ಒಳಗೆ ಹೋಗಿದ್ದು, ಹೊರಗೆ ಬಂದಿದ್ದು ಬರೆದಿಡಿ. ಎಲ್ಲ ಆಫ್ ಮಾಡಿದಾಗಿನ ರೀಡಿಂಗ್ ಒಂದನ್ನು ಮರೀಬೇಡಿ. ಹಾಳೆಗಳನ್ನು ಸಂಘಕ್ಕೆ ತಂದುಕೊಟ್ಟರೆ ಎಲ್ಲರೂ ಕೂತು ನೋಡೋಣ.